ಎಂಜಿನ್ನಿನ ಉಸಿರು ಮತ್ತು 1962ರ ಬಾಕಿ

ಅಕ್ಟೋಬರ್ ಕೊನೆಯ ಒಂದು ಶನಿವಾರ ಗ್ಯಾರೇಜಿನಲ್ಲಿ ನನ್ನ ಹಳೆಯ ಕಾರಿನ ಆಯಿಲ್ ಹಾಕುವ ಕೊಳವೆಯ ಮುಚ್ಚಳ ತೆಗೆದೆ. ಒಳಗಡೆ ಬೆಣ್ಣೆ ಮೆತ್ತಿದಂತಿತ್ತು. ಮಜ್ಜಿಗೆ ಕಡೆಯುವಾಗ ಕಡಗೋಲಿಗೆ ಅಂಟಿಕೊಳ್ಳುತ್ತದಲ್ಲ, ಅದೇ ಬಣ್ಣ, ಅದೇ ಹದ. ಮೂಸಿ ನೋಡಿದರೆ ಮಾತ್ರ ಬೆಣ್ಣೆಯ ಭ್ರಮೆ ಹೋಗುತ್ತಿತ್ತು: ಹಸಿ ಪೆಟ್ರೋಲು, ಸುಟ್ಟ ಎಣ್ಣೆ, ಹುಳಿ ಬೆರೆತ ಒಂದು ಘಾಟು. ಆ ಘಾಟು ಗ್ಯಾರೇಜಿನ ಬಾಗಿಲು ದಾಟಿ ಮನೆಯೊಳಗೂ ಬರುತ್ತಿತ್ತು. “ನಿಮ್ಮ ಕಾರಿನಿಂದ ದೇವರ ಮನೆಯಲ್ಲೂ ಪೆಟ್ರೋಲ್ ಬಂಕಿನ ವಾಸನೆ ರೀ, ಊದುಬತ್ತಿ ಹಚ್ಚೋಕೆ ಹೆದರಿಕೆ ಆಗುತ್ತೆ” ಎಂದು ಹೆಂಡತಿ ಹೇಳಿದ್ದು ಅದು ಮೂರನೆಯ ಸಲ.

ಕಾರು 1962ರ ಷೆವರ್ಲೆ ಇಂಪಾಲಾ. ಮೊದಲು ಮಾರಾಟವಾದದ್ದು ನಮ್ಮ ಇಲಿನಾಯ್ ರಾಜ್ಯದಲ್ಲೇ. ಆಮೇಲೆ ಕೈ ಬದಲಾಯಿಸುತ್ತ ಹೋಗಿ, ಕೊನೆಗೆ ಡೆಟ್ರಾಯಿಟ್ ಪಕ್ಕದ ಉಪನಗರವೊಂದರ ನಿವೃತ್ತ ಟೂಲ್‌ಮೇಕರ್ ಒಬ್ಬರಿಂದ ನನಗೆ ಬಂತು. ಅವರು ಅದರ ವಿ-8 ಎಂಜಿನ್ನಿನ ಸಿಲಿಂಡರುಗಳನ್ನು ಕೊರೆಸಿ ದೊಡ್ಡದು ಮಾಡಿ, ಕ್ಯಾಮ್‌ಶಾಫ್ಟ್ ಬದಲಾಯಿಸಿ, ನಾಲ್ಕು ಬಾಯಿಯ ಹೊಸ ಕಾರ್ಬ್ಯುರೇಟರ್ ಕೂರಿಸಿದ್ದರು. ಜೊತೆಗೆ ಎಂಜಿನ್ನಿನ ಹಿಂಭಾಗದಿಂದ ಕೆಳಕ್ಕೆ ಇಳಿಯುತ್ತಿದ್ದ ಒಂದು ಕೊಳವೆಯನ್ನು “ರಸ್ತೆಗೆಲ್ಲ ಎಣ್ಣೆ ತೊಟ್ಟಿಕ್ಕುತ್ತದೆ” ಎಂದು ಕಿತ್ತುಹಾಕಿ ತೂತು ಮುಚ್ಚಿದ್ದರು. ಉಳಿದದ್ದು ಮುಂದಿನ ಒಂದೇ ಬಾಯಿ. ಅದರ ಮೇಲೆ ಕ್ರೋಮ್ ಬಳಿದ ಪುಟ್ಟ ಜಾಲರಿ.

ಲೆಕ್ಕ ಬರೆಯುವವನು ನಾನು, ಮೆಕ್ಯಾನಿಕ್ ಅಲ್ಲ. ಆದರೆ ಎಲ್ಲಿಂದಲೋ ಒಳಬಂದದ್ದು ಎಲ್ಲಿಗಾದರೂ ಹೊರಹೋಗಲೇಬೇಕು ಎಂಬುದು ನಮ್ಮ ಕಸುಬಿನ ಮೊದಲ ಪಾಠ. ಆ ನೀರು ಎಲ್ಲಿಂದ ಬಂತು ಎಂದು ಹುಡುಕುತ್ತ ಹೊರಟವನು ಡೆಟ್ರಾಯಿಟ್ಟಿನ ಇತಿಹಾಸದ ಒಂದು ಪುಟಕ್ಕೆ ಬಂದು ಮುಟ್ಟಿದೆ. ಅಲ್ಲಿ ನನ್ನ ಕಾರಿನ ಇಸವಿಯೇ ಬರೆದಿತ್ತು.

ಮೊದಲು ನೀರಿನ ಲೆಕ್ಕ. ಪೆಟ್ರೋಲು ಎಂದರೆ ಇಂಗಾಲ ಮತ್ತು ಜಲಜನಕ. ಅದು ಉರಿದಾಗ ಇಂಗಾಲ ಅನಿಲವಾಗುತ್ತದೆ, ಜಲಜನಕ ನೀರಾಗುತ್ತದೆ. ಒಂದು ಲೀಟರ್ ಪೆಟ್ರೋಲು ಸುಟ್ಟರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ ಎಂದರೆ ಬಹಳ ಜನ ನಂಬುವುದಿಲ್ಲ. ನಾನೂ ಕಾಗದದ ಮೇಲೆ ಲೆಕ್ಕ ಹಾಕಿದ ಮೇಲೆಯೇ ನಂಬಿದ್ದು. ಚಳಿಗಾಲದ ಬೆಳಗ್ಗೆ ಶಿಕಾಗೋದ ಬೀದಿಗಳಲ್ಲಿ ಕಾರುಗಳ ಸೈಲೆನ್ಸರಿನಿಂದ ಬೆಳ್ಳಗೆ ಹೊರಬರುವುದು ಈ ನೀರಿನ ಆವಿಯೇ. ಅದರಲ್ಲಿ ಬಹುಪಾಲು ಸೈಲೆನ್ಸರಿನ ದಾರಿಯಲ್ಲಿ ಹೋಗುತ್ತದೆ. ಆದರೆ ಪಿಸ್ಟನ್ನಿಗೂ ಸಿಲಿಂಡರಿಗೂ ನಡುವೆ ಕೂತ ಉಂಗುರಗಳು, ಅಂದರೆ ಪಿಸ್ಟನ್ ರಿಂಗುಗಳು, ಎಷ್ಟೇ ಬಿಗಿಯಾಗಿದ್ದರೂ ಪ್ರತಿ ಸ್ಫೋಟದಲ್ಲೂ ಚೂರು ಅನಿಲ ಅವುಗಳ ಸಂದಿಯಲ್ಲಿ ನುಸುಳಿ ಕೆಳಗಿಳಿಯುತ್ತದೆ. ಇದಕ್ಕೆ ಬ್ಲೋಬೈ ಎನ್ನುತ್ತಾರೆ. ಹೀಗೆ ಇಳಿದದ್ದು ಸೇರುವುದು ಕ್ರ್ಯಾಂಕ್‌ಕೇಸ್ ಎಂಬ ಕೆಳಮನೆಗೆ. ಎಂಜಿನ್ ಎಣ್ಣೆ ಇರುವುದೂ ಅಲ್ಲೇ.

ಈ ಬ್ಲೋಬೈನಲ್ಲಿ ಸುಟ್ಟ ಹೊಗೆಗಿಂತ ಸುಡದೆ ಉಳಿದ ಪೆಟ್ರೋಲು ಆವಿ ಮತ್ತು ಗಾಳಿಯ ಪಾಲೇ ಹೆಚ್ಚು. ಜೊತೆಗೆ ನೀರಾವಿ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಒಳಗಿನ ಹನಿಗಳು ಸಾಲಾಗಿ ಜಾರುವುದನ್ನು ನೆನಪಿಸಿಕೊಳ್ಳಿ. ಬಿಸಿ ಆವಿ ತಣ್ಣನೆಯ ಲೋಹ ಕಂಡಲ್ಲಿ ನೀರಾಗುತ್ತದೆ. ನೀರು ಎಣ್ಣೆಯೊಂದಿಗೆ ಕಡೆದುಕೊಂಡು ಆ ಬೆಣ್ಣೆಯಾಗುತ್ತದೆ. ಉಳಿದ ಅನಿಲಗಳೊಂದಿಗೆ ಸೇರಿ ಆಮ್ಲವಾಗಿ ಬೇರಿಂಗುಗಳನ್ನು ತಿನ್ನುತ್ತದೆ. ದೂರ ಓಡುವ ಕಾರಿನಲ್ಲಿ ಎಣ್ಣೆ ಚೆನ್ನಾಗಿ ಕಾದು ನೀರು ಮತ್ತೆ ಆವಿಯಾಗಿ ಹೋಗುತ್ತದೆ, ಹೋಗಲು ದಾರಿ ಇದ್ದರೆ. ನನ್ನ ಕಾರೋ ಭಾನುವಾರಕ್ಕೊಮ್ಮೆ ಐಸ್‌ಕ್ರೀಮ್ ಅಂಗಡಿಯವರೆಗೆ ಹೋಗಿ ಬರುವ ಕಾರು. ಎಂಜಿನ್ ಬಿಸಿಯಾಗುವಷ್ಟರಲ್ಲಿ ಮನೆ ಬಂದಿರುತ್ತದೆ.

(ಹೀಗೆ ಬೆಣ್ಣೆ ಕಂಡರೆ ರೇಡಿಯೇಟರಿನ ನೀರು ಎಣ್ಣೆಗೆ ಸೋರುತ್ತಿರಬಹುದು ಎಂಬ ಭಯವೂ ಉಂಟು. ಡಿಪ್‌ಸ್ಟಿಕ್ ತೆಗೆದು ನೋಡಿದೆ. ಕೆಳಗಿನ ಎಣ್ಣೆ ತಿಳಿಯಾಗಿತ್ತು. ರೇಡಿಯೇಟರಿನ ನೀರೂ ಇಳಿದಿರಲಿಲ್ಲ. ಹಾಗಾಗಿ ಅಪರಾಧಿ ತೇವವೇ.)

ಅಜ್ಜಿಯ ಮನೆಯ ಅಡುಗೆಕೋಣೆಯಲ್ಲಿ ಒಲೆಯ ಮೇಲೆ ಹೊಗೆ ಹೋಗಲು ಗವಾಕ್ಷಿ ಇರುತ್ತಿತ್ತು. ಆದರೆ ಬರೀ ಗವಾಕ್ಷಿಯಿಂದ ಹೊಗೆ ಹೋಗುವುದಿಲ್ಲ. ಕೆಳಗಡೆ ಹಿತ್ತಲ ಬಾಗಿಲು ತೆರೆದಿರಬೇಕು. ಗಾಳಿ ಒಂದು ಕಡೆ ಒಳಬಂದರೆ ತಾನೇ ಇನ್ನೊಂದು ಕಡೆ ಹೊಗೆಯನ್ನು ನೂಕುವುದು? ಎಂಜಿನ್ನಿಗೂ ಅದೇ ನ್ಯಾಯ. ನನ್ನ ಕಾರಿಗಿದ್ದದ್ದು ಒಂದೇ ಬಾಯಿ. ಒಳಗಿನ ಹೊಗೆ ಒತ್ತಡ ಹೆಚ್ಚಾದಾಗ ಅಲ್ಲಿಂದಲೇ ಏದುಸಿರು ಬಿಡುತ್ತಿತ್ತು. ತೇವ ಒಳಗೇ ಉಳಿಯುತ್ತಿತ್ತು.

ಹಾಗಾದರೆ ಆ ಟೂಲ್‌ಮೇಕರ್ ಕಿತ್ತುಹಾಕಿದ ಕೊಳವೆ ಏನು? ಅದರ ಹೆಸರು ರೋಡ್ ಡ್ರಾಫ್ಟ್ ಟ್ಯೂಬ್. 1920ರ ದಶಕದಿಂದ ಕಾರು ಮಾಡುವವರು ಕ್ರ್ಯಾಂಕ್‌ಕೇಸಿಗೆ ಗಾಳಿ ಆಡಿಸುವ ಏರ್ಪಾಡುಗಳತ್ತ ಗಮನ ಕೊಟ್ಟರು. ಅವುಗಳಲ್ಲಿ ದಶಕಗಟ್ಟಲೆ ಬಳಕೆಯಲ್ಲಿದ್ದದ್ದು ಇದು. ಕೊಳವೆಯ ಕೆಳತುದಿ ಓರೆಯಾಗಿ ಕತ್ತರಿಸಿ ರಸ್ತೆಯತ್ತ ಇಳಿಬಿಟ್ಟಿರುತ್ತದೆ. ಕಾರು ಓಡುವಾಗ ಅಡಿಯಲ್ಲಿ ಬೀಸುವ ಗಾಳಿ ಆ ತುದಿಯಲ್ಲಿ ಒಂದಿಷ್ಟು ಸೆಳೆತ ಹುಟ್ಟಿಸುತ್ತದೆ. ಮುಂದಿನ ಜಾಲರಿ ಮುಚ್ಚಳದಿಂದ ಹೊಸ ಗಾಳಿ ಒಳಬರುತ್ತದೆ, ಹಿಂದಿನ ಕೊಳವೆಯಿಂದ ಹೊಗೆ ಹೊರಹೋಗುತ್ತದೆ. ಸರಳ, ಅಗ್ಗ. ಕೊರತೆ ಎರಡು. ಕಾರು ನಿಂತಿದ್ದಾಗ ಮತ್ತು ನಿಧಾನವಾಗಿ ಹೋಗುವಾಗ ಸೆಳೆತವೇ ಇಲ್ಲ. ಎರಡನೆಯದು, ಹೊರಬಂದದ್ದೆಲ್ಲ ನೇರ ರಸ್ತೆಗೆ, ಊರ ಗಾಳಿಗೆ. ಆ ಕಾಲದ ಅಮೆರಿಕದ ಕಾಂಕ್ರೀಟ್ ರಸ್ತೆಗಳಲ್ಲಿ ಪ್ರತಿ ಪಥದ ನಡುವೆ ಉದ್ದಕ್ಕೂ ಒಂದು ಕಪ್ಪು ಪಟ್ಟಿ ಬಿದ್ದಿರುತ್ತಿತ್ತು. ಲಕ್ಷಾಂತರ ಎಂಜಿನ್ನುಗಳು ತೊಟ್ಟಿಕ್ಕಿಸಿದ ಎಣ್ಣೆ ಅದು. ನಮ್ಮ ಊರಿನಲ್ಲಿ ಅಂಗಳ ಗುಡಿಸಿ ಕಸವನ್ನು ಬೀದಿಗೆ ತಳ್ಳುವವರನ್ನು ನೋಡಿದ್ದೇವೆ. ಈ ಕೊಳವೆ ಮಾಡುತ್ತಿದ್ದದ್ದು ಅದನ್ನೇ.

ಬೀದಿಗೆ ತಳ್ಳದೆ ಮಾಡುವ ಉಪಾಯ ಇರಲಿಲ್ಲವೇ? ಇತ್ತು. ಇತಿಹಾಸದ ಸ್ವಾರಸ್ಯ ಶುರುವಾಗುವುದು ಇಲ್ಲಿಂದ.

ಎಂಜಿನ್ ಉಸಿರೆಳೆದುಕೊಳ್ಳುವ ಕೊಳವೆಯಲ್ಲಿ, ಅಂದರೆ ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿ, ಸದಾ ಒಂದು ನಿರ್ವಾತದ ಸೆಳೆತ ಇರುತ್ತದೆ. ಕ್ರ್ಯಾಂಕ್‌ಕೇಸಿನಿಂದ ಅಲ್ಲಿಗೊಂದು ಹೋಸ್ ಜೋಡಿಸಿದರೆ ಹೊಗೆಯೆಲ್ಲ ಮತ್ತೆ ಸಿಲಿಂಡರಿಗೇ ಹೋಗಿ ಉರಿದುಹೋಗುತ್ತದೆ. ಕಾರು ನಿಂತಿದ್ದರೂ ಸರಿ, ಓಡುತ್ತಿದ್ದರೂ ಸರಿ. ತೊಂದರೆ ಎಂದರೆ ಎಂಜಿನ್ ಸುಮ್ಮನೆ ತಿರುಗುತ್ತಿರುವಾಗ ಸೆಳೆತ ವಿಪರೀತ, ಬ್ಲೋಬೈ ಕಡಿಮೆ. ಏರು ಹತ್ತುವಾಗ ಬ್ಲೋಬೈ ಹೆಚ್ಚು, ಸೆಳೆತ ಕಡಿಮೆ. ಹಾಗಾಗಿ ನಡುವೆ ಒಂದು ಕವಾಟ ಬೇಕು. ಹೆಬ್ಬೆರಳಿನಷ್ಟು ದೊಡ್ಡ ಡಬ್ಬಿ, ಒಳಗೊಂದು ಸ್ಪ್ರಿಂಗು, ಒಂದು ಪುಟ್ಟ ಕಡ್ಡಿ. ಸೆಳೆತ ಜೋರಾದಾಗ ಕಡ್ಡಿ ಎಳೆದುಕೊಂಡು ದಾರಿಯನ್ನು ಕಿರಿದಾಗಿಸುತ್ತದೆ; ಸೆಳೆತ ಇಳಿದಾಗ ಸ್ಪ್ರಿಂಗು ಅದನ್ನು ಹಿಂದಕ್ಕೆ ತಳ್ಳಿ ದಾರಿ ಅಗಲಿಸುತ್ತದೆ; ಎಂಜಿನ್ ಹಿಮ್ಮುಖವಾಗಿ ಉಗುಳಿದರೆ ಪೂರ್ತಿ ಮುಚ್ಚಿಕೊಂಡು ಬೆಂಕಿ ಕ್ರ್ಯಾಂಕ್‌ಕೇಸಿಗೆ ಹೋಗದಂತೆ ತಡೆಯುತ್ತದೆ. ಅಷ್ಟೇ. ಇದನ್ನೇ ಪಿಸಿವಿ ವಾಲ್ವ್ ಎನ್ನುತ್ತಾರೆ. ಕೈಯಲ್ಲಿ ಅಲ್ಲಾಡಿಸಿದರೆ ಗಿಲಕಿಯ ಹಾಗೆ ಸದ್ದು ಮಾಡುತ್ತದೆ. ಮಾಡದಿದ್ದರೆ ಕಟ್ಟಿಕೊಂಡಿದೆ ಎಂದರ್ಥ.

ಇದು ಎರಡನೆಯ ಮಹಾಯುದ್ಧದ ಕಾಲದಲ್ಲೇ ಇತ್ತು. ಹೊಳೆ ಹಾಯಬೇಕಾದ ಸೈನ್ಯದ ವಾಹನಕ್ಕೆ ಕೆಳಗಡೆ ತೆರೆದ ಕೊಳವೆ ಇದ್ದರೆ ನೀರು ನೇರ ಎಂಜಿನ್ನಿನ ಹೊಟ್ಟೆಗೆ ಹೋಗುತ್ತದೆ. ಆದ್ದರಿಂದ ಕ್ರ್ಯಾಂಕ್‌ಕೇಸನ್ನು ಮುಚ್ಚಿ, ಅದರ ಉಸಿರನ್ನು ಮ್ಯಾನಿಫೋಲ್ಡಿಗೆ ತಿರುಗಿಸಿದರು. ಮಿಶಿಗನ್ನಿನ ಗಡಿ ದಾಟಿದರೆ ಸಿಗುವ ಟೊಲಿಡೊ ನಗರದಲ್ಲಿ ವಿಲ್ಲಿಸ್ ಕಂಪನಿ ಮಾಡಿದ, ಫೋರ್ಡ್ ಕಂಪನಿಯೂ ಅದೇ ನಕ್ಷೆಯಲ್ಲಿ ಮಾಡಿದ ಯುದ್ಧಕಾಲದ ಜೀಪುಗಳ ಎಂಜಿನ್ನಿನಲ್ಲಿ ಈ ಕವಾಟ ಇತ್ತು. ಯುದ್ಧ ಮುಗಿದ ಮೇಲೆ ಸೈನ್ಯ ಬಿಟ್ಟುಹೋದ ಜೀಪುಗಳು ನಮ್ಮ ದೇಶದಲ್ಲೂ ಹರಾಜಾದವು. ಮಲೆನಾಡು, ಕೊಡಗಿನ ಕಾಫಿ ತೋಟಗಳ ಕೆಸರು ದಾರಿಗೆ ಜೀಪು ಒಗ್ಗಿಕೊಂಡ ಕಥೆ ನಮಗೆಲ್ಲ ಗೊತ್ತೇ ಇದೆ. ಯುದ್ಧದ ಜೀಪಿಗೆ ಇದ್ದದ್ದು, 1962ರಲ್ಲಿ ಷೋರೂಮಿನಿಂದ ಹೊಳೆಯುತ್ತ ಹೊರಬಂದ ನನ್ನ ಇಂಪಾಲಾಕ್ಕೆ ಇರಲಿಲ್ಲ. ಏಕೆ?

ಉತ್ತರಕ್ಕೆ ಕ್ಯಾಲಿಫೋರ್ನಿಯಾಕ್ಕೆ ಹೋಗಬೇಕು. 1943ರ ಜುಲೈಯಲ್ಲಿ ಲಾಸ್ ಏಂಜಲೀಸ್ ನಗರದ ಮೇಲೆ ಕಣ್ಣುರಿಸುವ ಕಂದು ಮಬ್ಬು ಕವಿದಾಗ, ಶತ್ರುಗಳ ವಿಷಾನಿಲವೇ ಇರಬೇಕೆಂದು ಜನ ಹೆದರಿದ್ದರು. ವರ್ಷಗಳು ಕಳೆದರೂ ಮಬ್ಬು ಹೋಗಲಿಲ್ಲ. ಪ್ಯಾಸಡೀನಾದ ಕ್ಯಾಲ್‌ಟೆಕ್ ಸಂಸ್ಥೆಯಲ್ಲಿ ಅನಾನಸ್ ಹಣ್ಣಿನ ಪರಿಮಳದ ರಸಾಯನ ಹುಡುಕುತ್ತಿದ್ದ ಡಚ್ ಮೂಲದ ವಿಜ್ಞಾನಿ ಆರೀ ಹಾಗೆನ್-ಸ್ಮಿಟ್, 1950ರ ದಶಕದ ಆರಂಭದಲ್ಲಿ ಆ ಮಬ್ಬಿನ ಗುಟ್ಟು ಬಿಡಿಸಿದರು. ಸುಡದ ಪೆಟ್ರೋಲು ಆವಿ ಮತ್ತು ಸಾರಜನಕದ ಆಕ್ಸೈಡುಗಳು ಬಿಸಿಲಿನಲ್ಲಿ ಬೆಂದು ಓಜೋನ್ ಆಗುತ್ತವೆ. ಕಣ್ಣುರಿಸುವುದು ಆ ಪಾಕ. ದೊಡ್ಡ ಮೂಲ ಕಾರುಗಳು.

ಲಾಸ್ ಏಂಜಲೀಸ್ ಕೌಂಟಿಯ ಮೇಲ್ವಿಚಾರಕ ಮಂಡಳಿಯ ಸದಸ್ಯ ಕೆನೆತ್ ಹಾನ್ 1953ರಲ್ಲಿ ಡೆಟ್ರಾಯಿಟ್ಟಿನ ಕಂಪನಿಗಳಿಗೆ ಪತ್ರ ಬರೆಯತೊಡಗಿದರು. ಫೋರ್ಡ್ ಕಂಪನಿಯಿಂದ ಬಂದ ಉತ್ತರದ ಸಾರ ಹೀಗಿತ್ತು: ಹೊಗೆ ಗಾಳಿಯಲ್ಲಿ ಬೇಗ ಚದುರಿಹೋಗುತ್ತದೆ, ಅದರಿಂದ ಮಾಲಿನ್ಯದ ಸಮಸ್ಯೆ ಇಲ್ಲ ಎಂದು ನಮ್ಮ ಎಂಜಿನಿಯರುಗಳ ಅಭಿಪ್ರಾಯ. ಹಾನ್ ಬಿಡಲಿಲ್ಲ. ವರ್ಷಗಟ್ಟಲೆ ಬರೆಯುತ್ತಲೇ ಇದ್ದರು, ಪತ್ರಗಳನ್ನೂ ಉತ್ತರಗಳನ್ನೂ ಕಾಪಿಟ್ಟರು, ಮುಂದೆ ಅವನ್ನೆಲ್ಲ ಒಟ್ಟುಗೂಡಿಸಿ ಪ್ರಕಟಿಸಿದರು. ಲೆಕ್ಕಿಗನಾಗಿ ಅವರಿಗೆ ನಾನು ಕೈಮುಗಿಯುತ್ತೇನೆ. ಕಾಗದ ಉಳಿಸಿಕೊಂಡವನಿಗೇ ಕೊನೆಗೆ ನ್ಯಾಯದ ಮಾತಾಡುವ ಹಕ್ಕು.

ಇತ್ತ ಡೆಟ್ರಾಯಿಟ್ಟಿನ ಕಂಪನಿಗಳ ಒಕ್ಕೂಟವಾದ ಆಟೊಮೊಬೈಲ್ ಮ್ಯಾನುಫ್ಯಾಕ್ಚರರ್ಸ್ ಅಸೋಸಿಯೇಶನ್ 1953ರಲ್ಲಿ ಹೊಗೆಯ ಅಧ್ಯಯನಕ್ಕೆಂದು ಸಮಿತಿ ರಚಿಸಿತು. 1955ರಲ್ಲಿ ಕಂಪನಿಗಳು ಒಂದು ಒಪ್ಪಂದಕ್ಕೆ ಬಂದವು: ಹೊಗೆ ತಡೆಯುವ ಸಾಧನಗಳ ಪೇಟೆಂಟುಗಳನ್ನು ರಾಯಲ್ಟಿ ಇಲ್ಲದೆ ಪರಸ್ಪರ ಹಂಚಿಕೊಳ್ಳುವುದು. ಮೇಲ್ನೋಟಕ್ಕೆ ಎಷ್ಟು ಒಳ್ಳೆಯ ಸಹಕಾರ! ಊರ ಕೆರೆಯ ಹೂಳೆತ್ತಲು ಎಲ್ಲರೂ ಸೇರಿದಂತೆ. ಆದರೆ ಒಬ್ಬರಿಗಿಂತ ಮೊದಲು ಇನ್ನೊಬ್ಬರು ಹೂಳೆತ್ತಬಾರದು ಎಂಬ ಕಟ್ಟಳೆಯೂ ಇದ್ದರೆ ಕೆರೆಯ ಗತಿ ಏನು? ಆ ಪ್ರಶ್ನೆ ಹದಿನಾಲ್ಕು ವರ್ಷದ ಮೇಲೆ ನ್ಯಾಯಾಲಯದ ಮೆಟ್ಟಿಲೇರಿತು.

ನಡುವೆ, ಕಾರಿನ ಮಾಲಿನ್ಯ ಸೈಲೆನ್ಸರಿನಿಂದ ಮಾತ್ರ ಬರುವುದಲ್ಲ ಎಂಬುದು 1950ರ ದಶಕದ ಕೊನೆಗೆ ಖಚಿತವಾಯಿತು. ಸುಡದ ಪೆಟ್ರೋಲಿನ ಆವಿಯಲ್ಲಿ ಸುಮಾರು ಕಾಲು ಭಾಗ ಕ್ರ್ಯಾಂಕ್‌ಕೇಸಿನ ಕೊಳವೆಯಿಂದಲೇ ಹೊರಬೀಳುತ್ತಿತ್ತು. ಇಷ್ಟು ದೊಡ್ಡ ಪಾಲಿಗೆ ಇಷ್ಟು ಅಗ್ಗದ ಮದ್ದು ಮತ್ತೊಂದಿರಲಿಲ್ಲ. ಕ್ಯಾಲಿಫೋರ್ನಿಯಾ 1960ರಲ್ಲಿ ಕಾನೂನು ಮಾಡಿ ಮೋಟಾರು ವಾಹನ ಮಾಲಿನ್ಯ ನಿಯಂತ್ರಣ ಮಂಡಳಿ ಸ್ಥಾಪಿಸಿತು. 1961ರ ಮಾದರಿಯ ಕಾರುಗಳು ಆ ರಾಜ್ಯದಲ್ಲಿ ಪಿಸಿವಿ ಕವಾಟದೊಂದಿಗೆ ಮಾರಾಟಕ್ಕೆ ಬಂದವು. ಉಳಿದ ದೇಶಕ್ಕೆ ಅದು ಬಂದದ್ದು 1963ರ ಮಾದರಿಯಲ್ಲಿ.

1961, 1963. ನಡುವೆ 1962. ನನ್ನ ಕಾರು.

1969ರ ಜನವರಿ 10ರಂದು ಅಮೆರಿಕದ ನ್ಯಾಯ ಇಲಾಖೆ ಜನರಲ್ ಮೋಟಾರ್ಸ್, ಫೋರ್ಡ್, ಕ್ರೈಸ್ಲರ್, ಅಮೆರಿಕನ್ ಮೋಟಾರ್ಸ್ ಮತ್ತು ಅವರ ಒಕ್ಕೂಟದ ಮೇಲೆ ಏಕಸ್ವಾಮ್ಯ ವಿರೋಧಿ ಕಾಯಿದೆಯಡಿ ಮೊಕದ್ದಮೆ ಹೂಡಿತು. ಮಾಲಿನ್ಯ ತಡೆಯುವ ಸಾಧನಗಳಲ್ಲಿ ಪೈಪೋಟಿಯೇ ಇಲ್ಲದಂತೆ 1953ರಿಂದ ಇವರೆಲ್ಲ ಕೂಡಿಕೊಂಡಿದ್ದರು ಎಂಬುದು ಒಟ್ಟು ಆರೋಪ. ಅದರೊಳಗಿನ ಒಂದು ಉಪ-ಆರೋಪ ನನಗೆ ಸಂಬಂಧಿಸಿದ್ದು: 1962ರ ಮಾದರಿಯಲ್ಲೇ ದೇಶಾದ್ಯಂತ ಪಿಸಿವಿ ಜೋಡಿಸಬಹುದಾಗಿತ್ತು, ಕನಿಷ್ಠ ಒಂದು ಕಂಪನಿ ಅದಕ್ಕೆ ಸಿದ್ಧವೂ ಇತ್ತು, ಆದರೂ 1961ರಲ್ಲಿ ಎಲ್ಲರೂ ಸೇರಿ ಕ್ಯಾಲಿಫೋರ್ನಿಯಾದ ಹೊರಗೆ ಅದನ್ನು 1963ಕ್ಕೆ ಮುಂದೂಡಿದರು.

ಆರೋಪ ಆರೋಪವಾಗಿಯೇ ಉಳಿಯಿತು. ಸಾಕ್ಷಿ ವಿಚಾರಣೆ ನಡೆಯಲಿಲ್ಲ. ಸರ್ಕಾರ ಬದಲಾಯಿತು, ಅದೇ ವರ್ಷದ ಅಕ್ಟೋಬರಿನಲ್ಲಿ ರಾಜಿ ಡಿಕ್ರಿಯಾಯಿತು. ಕಂಪನಿಗಳು ತಪ್ಪು ಒಪ್ಪಲಿಲ್ಲ. ಇನ್ನು ಮುಂದೆ ಹಾಗೆ ಕೂಡಿಕೊಳ್ಳುವುದಿಲ್ಲ ಎಂಬ ನಿರ್ಬಂಧಕ್ಕೆ ಒಪ್ಪಿದವು. ತೆರೆದ ನ್ಯಾಯಾಲಯದಲ್ಲಿ ವಿಚಾರಣೆಯಾಗಲಿ ಎಂದು ಕೇಳಿದವರಲ್ಲಿ ಕೆನೆತ್ ಹಾನ್ ಇದ್ದರು, ಗ್ರಾಹಕರ ಪರವಾಗಿ ಹೋರಾಡುತ್ತಿದ್ದ ರಾಲ್ಫ್ ನೇಡರ್ ಇದ್ದರು. ಆಗಲಿಲ್ಲ.

ನನಗೆ ತೀರ ಹತ್ತಿರವೆನಿಸಿದ್ದು ಇದರ ಮುಂದಿನ ಅಧ್ಯಾಯ. ನಮ್ಮ ಇಲಿನಾಯ್ ಸೇರಿ 18 ರಾಜ್ಯಗಳು ನೇರವಾಗಿ ಸುಪ್ರೀಂ ಕೋರ್ಟಿಗೆ ಹೋದವು. ಅವು ಬೇಡಿದ ಪರಿಹಾರಗಳಲ್ಲಿ ಒಂದು: ಕೂಟ ನಡೆದಿತ್ತೆನ್ನಲಾದ ಅವಧಿಯಲ್ಲಿ ಮಾಡಿ ಮಾರಿದ ಕಾರುಗಳಿಗೆಲ್ಲ ಕಂಪನಿಗಳೇ ಈಗ ಮಾಲಿನ್ಯ ತಡೆಯುವ ಸಾಧನ ಜೋಡಿಸಿಕೊಡಲಿ. 1972ರಲ್ಲಿ ಸುಪ್ರೀಂ ಕೋರ್ಟು, ಇದನ್ನು ಕೆಳಗಿನ ನ್ಯಾಯಾಲಯದಲ್ಲಿ ಕೇಳಿ ಎಂದಿತು. ಅಲ್ಲಿಯೂ ಆ ಬೇಡಿಕೆ ಗೆಲ್ಲಲಿಲ್ಲ. 1976ರಲ್ಲಿ ಮೇಲ್ಮನವಿಯಲ್ಲೂ ಸೋತಿತು. ಹೀಗೆ ಇಲಿನಾಯ್ ಸರ್ಕಾರ ತನ್ನ ಪ್ರಜೆಯ ಇಂಪಾಲಾಕ್ಕೆ ಒಂದು ಕವಾಟ ಕೊಡಿಸಲು ದೇಶದ ಅತ್ಯುನ್ನತ ನ್ಯಾಯಾಲಯದವರೆಗೆ ಹೋಗಿ ಬರಿಗೈಯಲ್ಲಿ ಹಿಂತಿರುಗಿತ್ತು.

ಲೆಕ್ಕಿಗನ ಚಪಲ ಬಿಡಲಿಲ್ಲ, ಲೆಕ್ಕ ಹಾಕಿದೆ. 1961, 1962ರ ಷೆವರ್ಲೆ ಕಾರ್ವೆಟ್ ಕಾರಿನ ಐಚ್ಛಿಕ ಸಾಧನಗಳ ಪಟ್ಟಿಯಲ್ಲಿ ಪಿಸಿವಿಯ ಬೆಲೆ ಐದು ಡಾಲರ್ ನಲವತ್ತು ಸೆಂಟ್. ಗಿರಾಕಿ ಕೊಡುವ ಬೆಲೆ ಅದು. ಕಂಪನಿಗೆ ತಗಲುವ ವೆಚ್ಚ ಇನ್ನೂ ಕಡಿಮೆ. 1962ರಲ್ಲಿ ಅಮೆರಿಕದಲ್ಲಿ ತಯಾರಾದ ಕಾರುಗಳು ಸುಮಾರು 69 ಲಕ್ಷ. ಕ್ಯಾಲಿಫೋರ್ನಿಯಾದ ಪಾಲು ಅಂದಾಜಿನಲ್ಲಿ ಕಳೆದು 60 ಲಕ್ಷ ಎಂದೇ ಹಿಡಿದರೂ, ಗಿರಾಕಿಯ ಬೆಲೆಯಲ್ಲಿ ಒಟ್ಟು ಮೂರು ಕೋಟಿ ಡಾಲರಿನ ಆಸುಪಾಸು. ಇದು ನನ್ನ ಒರಟು ಲೆಕ್ಕವಷ್ಟೇ. ಕಾರಿಗೆ ಐದು ಡಾಲರ್ ಉಳಿಯಿತು. ಆ ಕಾರುಗಳು ಗುಜರಿಗೆ ಹೋಗುವವರೆಗೆ, ಹತ್ತು ವರ್ಷವೋ ಹದಿನೈದು ವರ್ಷವೋ, ಬಿಟ್ಟ ಉಸಿರು ಯಾರ ಖಾತೆಗೂ ಬರಲಿಲ್ಲ. ಶಿಕಾಗೋದ ದಕ್ಷಿಣ ಭಾಗದಲ್ಲಿ, ಡೆಟ್ರಾಯಿಟ್ಟಿನ ಹೆದ್ದಾರಿಗಳ ಪಕ್ಕದಲ್ಲಿ ಮನೆ ಮಾಡಿದ್ದವರ ಎದೆಯಲ್ಲಿ ಅದು ಜಮೆಯಾಯಿತು. ಅದಕ್ಕೆ ವೋಚರ್ ಇರುವುದಿಲ್ಲ.

ಇದನ್ನು ಬರೆಯುವಾಗ ಕಂಪನಿಗಳ ಮೇಲೆ ಬೆರಳು ತೋರಿಸಿ ಕೈ ತೊಳೆದುಕೊಳ್ಳಲು ನನಗೆ ಆಗುವುದಿಲ್ಲ. ಸಿಎ ಮುಗಿಸಿ ಈ ದೇಶಕ್ಕೆ ಬಂದ ಹೊಸದರಲ್ಲಿ ಡೆಟ್ರಾಯಿಟ್ ಸುತ್ತಲಿನ ಒಂದು ಬಿಡಿಭಾಗಗಳ ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡಿದೆ. ಲೋಹ ಕೊರೆಯುವ ಶೆಡ್ಡಿನಲ್ಲಿ ಎಣ್ಣೆಯ ಮಂಜನ್ನು ಹೊರಗೆಳೆಯುವ ಫ್ಯಾನುಗಳನ್ನು ಬದಲಾಯಿಸಬೇಕಿತ್ತು. ಆ ತ್ರೈಮಾಸಿಕದ ಲಾಭ ತೆಳ್ಳಗಿತ್ತು. ಮುಂದಿನದಕ್ಕೆ ಹಾಕಿದರೆ ಎಷ್ಟು ಉಳಿಯುತ್ತದೆ ಎಂಬ ತಖ್ತೆ ಮಾಡಿಕೊಟ್ಟವನು ನಾನೇ. ಮುಂದಿನದರಲ್ಲೂ ಮುಂದೂಡಿದೆವು; ಅದರ ಮುಂದಿನದರಲ್ಲೂ. ಕಾನೂನು ಮುರಿಯಲಿಲ್ಲ. ಒಂದು ಕೋಷ್ಟಕದಿಂದ ಇನ್ನೊಂದು ಕೋಷ್ಟಕಕ್ಕೆ ಅಂಕಿ ಸರಿಸಿದೆ, ಅಷ್ಟೇ. ಮುಕ್ಕಾಲು ವರ್ಷ. ದಾಸ್ತಾನು ಎಣಿಸಲು ಶೆಡ್ಡಿಗೆ ಹೋದಾಗ ವಯಸ್ಸಾದ ಕೆಲಸಗಾರರೊಬ್ಬರು ಕೆಮ್ಮುತ್ತ “ಫ್ಯಾನು ಯಾವಾಗ?” ಎಂದು ಕೇಳಿದರು. “ಬಜೆಟ್ಟಿನಲ್ಲಿದೆ” ಎಂದೆ. ಅದು ಸುಳ್ಳಲ್ಲ, ಉತ್ತರವೂ ಅಲ್ಲ. 1961ರಲ್ಲಿ ಡೆಟ್ರಾಯಿಟ್ಟಿನ ಯಾವುದೋ ಕೋಣೆಯಲ್ಲಿ ನನ್ನಂಥವನೊಬ್ಬ ಕೂತು ಒಂದು ತಖ್ತೆ ಮಾಡಿಕೊಟ್ಟಿರಬಹುದೆಂದು ನನಗೆ ಅನ್ನಿಸುವುದು ಇದರಿಂದ. ಅವನು ದುಷ್ಟನೇ ಆಗಿರಬೇಕಿಲ್ಲ.

ಇತಿಹಾಸ ಅಲ್ಲಿಗೇ ನಿಲ್ಲಲಿಲ್ಲ ಎನ್ನುವುದನ್ನೂ ಹೇಳಬೇಕು. 1964ರಲ್ಲಿ ಕ್ಯಾಲಿಫೋರ್ನಿಯಾ ಮಂಡಳಿ ಹೊರಗಿನ ತಯಾರಕರ ನಾಲ್ಕು ಹೊಗೆ-ಶುದ್ಧಿ ಸಾಧನಗಳಿಗೆ ಒಪ್ಪಿಗೆ ಕೊಟ್ಟು, 1966ರ ಮಾದರಿಗೆ ಕಡ್ಡಾಯ ಎಂದಾಗ, ಅಲ್ಲಿಯವರೆಗೆ ಆಗುವುದಿಲ್ಲ ಎನ್ನುತ್ತಿದ್ದ ಕಂಪನಿಗಳು ತಮ್ಮದೇ ಸಾಧನದೊಂದಿಗೆ ಅದೇ ಗಡುವಿಗೆ ಸಿದ್ಧವಾದವು. ಗಡುವು ಬಂದರೆ ಎಂಜಿನಿಯರಿಂಗೂ ಬರುತ್ತದೆ. 1968ರ ಮಾದರಿಯಿಂದ ಕೇಂದ್ರ ಸರ್ಕಾರದ ನಿಯಮವೇ ಬಂತು: ಕ್ರ್ಯಾಂಕ್‌ಕೇಸಿನಿಂದ ಗಾಳಿಗೆ ಏನನ್ನೂ ಬಿಡುವಂತಿಲ್ಲ. ಅಲ್ಲಿಯವರೆಗೆ ಹಲವು ಕಾರುಗಳಲ್ಲಿ ಒಳಗಾಳಿಯ ಮುಚ್ಚಳ ತೆರೆದೇ ಇರುತ್ತಿದ್ದರಿಂದ, ಜೋರಾಗಿ ಓಡಿಸಿದಾಗ ಹೆಚ್ಚಾದ ಹೊಗೆ ಅಲ್ಲಿಂದ ಹೊರಬರುತ್ತಿತ್ತು. ಈಗ ಆ ಬಾಯಿಯನ್ನೂ ಹೋಸಿನಿಂದ ಏರ್ ಕ್ಲೀನರಿಗೆ ಜೋಡಿಸಿ ಪೂರ್ತಿ ಮುಚ್ಚಿದರು. ಭಾರತದಲ್ಲೂ 1990ರ ದಶಕದ ಹೊಗೆ ನಿಯಮಗಳೊಂದಿಗೆ ಪೆಟ್ರೋಲು ಕಾರುಗಳಿಗೆ ಇದೇ ನಿಯಮ ಬಂತು. ಇಂದು ನೀವು ಓಡಿಸುವ ಪೆಟ್ರೋಲು ಕಾರಿನಲ್ಲೂ, ಬೆಂಗಳೂರಾಗಲಿ ಬ್ಲೂಮಿಂಗ್ಟನ್ ಆಗಲಿ, ಎಂಜಿನ್ನಿನ ಉಸಿರು ಎಂಜಿನ್ನಿಗೇ ವಾಪಸು ಹೋಗುತ್ತದೆ. ಆ ಏರ್ಪಾಡು ಇದೆಯೆಂದೇ ಯಾರಿಗೂ ಗೊತ್ತಿರುವುದಿಲ್ಲ.

ಇನ್ನು ನನ್ನ ಇಂಪಾಲಾ. ಇಷ್ಟು ಹಳೆಯ ಕಾರಿಗೆ ಕಾನೂನಿನ ಒತ್ತಾಯವೇನೂ ಇರಲಿಲ್ಲ. ಆದರೆ ದೇವರ ಮನೆಯ ಒತ್ತಾಯ ಇತ್ತು. 1967ರವರೆಗಿನ ಷೆವರ್ಲೆ ಸಣ್ಣ ವಿ-8 ಎಂಜಿನ್ನುಗಳ ಹಿಂಭಾಗದಲ್ಲಿ ಡ್ರಾಫ್ಟ್ ಟ್ಯೂಬಿಗೆಂದೇ ಮಾಡಿದ ತೂತು ಇರುತ್ತದೆ, ಒಳಗಡೆ ಎಣ್ಣೆಯನ್ನು ತಡೆಯುವ ಒಂದು ಡಬ್ಬಿಯೂ ಇರುತ್ತದೆ. ಮಿಶಿಗನ್ನಿನ ಹಿರಿಯರಿಗೆ ಫೋನ್ ಮಾಡಿದೆ. ಡಬ್ಬಿ ಹಾಗೇ ಇದೆ, ಮುಚ್ಚಿದ್ದು ತೂತನ್ನು ಮಾತ್ರ ಎಂದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಕೊಳವೆ ಕೀಳುವಾಗ ಅದರ ಕೆಲಸ ಇನ್ನಾರು ಮಾಡುತ್ತಾರೆ ಅಂತ ಕೇಳಿಕೊಳ್ಳಬೇಕಿತ್ತು” ಎಂದರು. ಐವತ್ತು ವರ್ಷ ಅಚ್ಚು ಕೆತ್ತಿದ ಕೈಯವರು. ತಮ್ಮ ತಪ್ಪನ್ನು ಇಷ್ಟು ಸಲೀಸಾಗಿ ಒಪ್ಪಿದ್ದು ನೋಡಿ ನನಗೆ ಆ ಫ್ಯಾನು ನೆನಪಾಯಿತು.

ತೂತು ತೆರೆದು ಅಲ್ಲಿ ಕವಾಟ ಕೂರಿಸಿ, ಅಲ್ಲಿಂದ ಕಾರ್ಬ್ಯುರೇಟರಿನ ಬುಡದ ನಿರ್ವಾತದ ಬಾಯಿಗೆ ಹೋಸ್ ಎಳೆದೆ. ಮುಂದಿನ ಕ್ರೋಮ್ ಜಾಲರಿ ತೆಗೆದು, ಆ ಬಾಯಿಯನ್ನು ಏರ್ ಕ್ಲೀನರಿಗೆ ಜೋಡಿಸಿದೆ. ಮೊದಲ ಸಲ ಎಂಜಿನ್ ನಡುಗಿತು. ತಪ್ಪು ನನ್ನದೇ. ಕ್ಯಾಮ್ ಬದಲಾಯಿಸಿದ ಎಂಜಿನ್ನಿನಲ್ಲಿ ಸುಮ್ಮನೆ ತಿರುಗುವಾಗಿನ ಸೆಳೆತ ಮೂಲ ಎಂಜಿನ್ನಿಗಿಂತ ಬಹಳ ಕಡಿಮೆ. ಅಂಗಡಿಯ ಮಾಮೂಲಿ ಕವಾಟದ ಸ್ಪ್ರಿಂಗು ಆ ದುರ್ಬಲ ಸೆಳೆತವನ್ನು ನೋಡಿ ಕಾರು ಹೆದ್ದಾರಿಯಲ್ಲಿ ಓಡುತ್ತಿದೆ ಎಂದು ಭಾವಿಸಿ ದಾರಿ ಅಗಲಿಸಿಬಿಡುತ್ತಿತ್ತು. ಮಿಶ್ರಣಕ್ಕೆ ಬೇಡದ ಗಾಳಿ ಸೇರುತ್ತಿತ್ತು. ಮಾರ್ಪಡಿಸಿದ ಎಂಜಿನ್ನುಗಳಿಗೆಂದು ತಿರುಪಿನಿಂದ ಹದ ಮಾಡಬಹುದಾದ ಕವಾಟಗಳು ಸಿಗುತ್ತವೆ. ಅದನ್ನು ತರಿಸಿ, ನಿರ್ವಾತ ಅಳೆಯುವ ಗೇಜು ಹಿಡಿದು, ಎರಡು ಶನಿವಾರ ಕೂತು ಹದ ಮಾಡಿದೆ.

ಕವಾಟ ಕೆಲಸ ಮಾಡುತ್ತಿದೆಯೇ ಎಂದು ನೋಡಲು ಹಳೆಯ ಮೆಕ್ಯಾನಿಕ್ಕುಗಳ ಪರೀಕ್ಷೆಯೊಂದಿದೆ. ಎಂಜಿನ್ ತಿರುಗುತ್ತಿರುವಾಗ ಒಳಗಾಳಿಯ ಹೋಸ್ ಕಳಚಿ, ಎಣ್ಣೆ ಹಾಕುವ ಬಾಯಿಯ ಮೇಲೆ ಒಂದು ತುಂಡು ಕಾಗದ ಇಡಬೇಕು. ಹಾರಿಹೋದರೆ ಹೊಗೆ ಹೊರಬರುತ್ತಿದೆ. ಅಂಟಿಕೊಂಡರೆ ಒಳಗೆ ಸೆಳೆತ ಇದೆ. ಜೇಬಿನಲ್ಲಿದ್ದ ಬಿಲ್ಲಿನ ಚೀಟಿಯನ್ನೇ ಇಟ್ಟೆ. ಒಮ್ಮೆ ಪಟಪಟನೆ ಬಡಿದುಕೊಂಡಿತು. ಆಮೇಲೆ ಬಾಯಿಗೆ ಅಂಟಿ ಕೂತಿತು.

ಡಿಸೆಂಬರಿನಲ್ಲಿ ಮುಚ್ಚಳ ತೆಗೆದು ನೋಡಿದಾಗ ಒಳಗಡೆ ಬೆಣ್ಣೆ ಇರಲಿಲ್ಲ. ತೆಳುವಾದ ಎಣ್ಣೆಯ ಹೊಳಪಷ್ಟೇ. ಐಸ್‌ಕ್ರೀಮ್ ಅಂಗಡಿಯ ದಾರಿಯನ್ನೂ ಸ್ವಲ್ಪ ಉದ್ದ ಮಾಡಿಕೊಂಡಿದ್ದೇನೆ, ಎಣ್ಣೆ ಕಾಯಲಿ ಎಂದು. ಮನೆಯಲ್ಲಿ ಊದುಬತ್ತಿಯ ವಾಸನೆ ಮಾತ್ರ ಬರುತ್ತಿದೆ.

ಕಾರಿಗೆ ಮಾಡಿದ ಖರ್ಚನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡುತ್ತೇನೆ, ಅಭ್ಯಾಸಬಲ. ಹೋಸ್, ಕ್ಲಿಪ್ಪು, ಕವಾಟ. ಮೊದಲು ಇವನ್ನು ‘ದುರಸ್ತಿ’ ಎಂಬ ಶಿರೋನಾಮೆಯಡಿ ಬರೆದೆ. ಮನಸ್ಸಿಗೆ ಸರಿಬರಲಿಲ್ಲ. ಯಾವುದೋ ಹಿಂದಿನ ವರ್ಷಕ್ಕೆ ಸೇರಬೇಕಾಗಿದ್ದು ಆಗ ಬರೆಯದೆ ಬಿಟ್ಟ ಖರ್ಚಿಗೆ ನಮ್ಮ ಕಸುಬಿನಲ್ಲಿ ಬೇರೆಯೇ ಹೆಸರಿದೆ. ಹೊಡೆದುಹಾಕಿ ಹಾಗೆಯೇ ಬರೆದೆ: ಹಿಂದಿನ ಅವಧಿಯ ವೆಚ್ಚ, 1962.